ಮಕ್ಕಳು ಬರುವ ವಾರದಲ್ಲೇ ಬಚ್ಚಲು ಒಡೆಯಬಹುದೇ?

ಅಡಿಕೆ ಕೊಯ್ಲು ಮುಗಿದು ಆಳುಗಳು ಕೈಗೆ ಸಿಗುವ ಕಾಲ ಇದು. ರೋಹಿಣಿ, ಮೃಗಶಿರ ಮಳೆ ಹಿಡಿಯುವುದರೊಳಗೆ ಮನೆಯ ದುರಸ್ತಿ ಮುಗಿಸಬೇಕೆಂಬ ಅವಸರ ಎಲ್ಲರಿಗೂ. ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ನಿವೃತ್ತರ ಮನೆಗಳಿಂದ ಬಂದವು.

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅರವತ್ತು ವರ್ಷದ ಹೆಂಚಿನ ಮನೆ, ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಗೋಡೆ. ಏಪ್ರಿಲ್ ಎರಡನೇ ವಾರ ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳು ಬೆಂಗಳೂರಿನಿಂದ ಏಳು ದಿನಕ್ಕೆ ಬರುತ್ತಾರೆ. ಭಾನುವಾರ ಸತ್ಯನಾರಾಯಣ ಪೂಜೆ. ಅದೇ ವಾರ ಬಚ್ಚಲು ಒಡೆದು ಕಮೋಡ್ ಕೂರಿಸಿ, ಹೆಂಚು ಕೈಯಾಡಿಸಿ, ಸುಣ್ಣ ಬಳಿಸುವ ಯೋಚನೆ. ಮಗ ಇದ್ದರೆ ಕೆಲಸದವರ ಮೇಲೊಂದು ಕಣ್ಣಿರುತ್ತದೆ. ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಮೇಸ್ತ್ರಿ ಆಗುತ್ತದೆ ಎಂದರೂ ಒಪ್ಪಬೇಡಿ. ಬಚ್ಚಲಿನ ಕೆಲಸ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಆಳಿನ ಲೆಕ್ಕವಲ್ಲ, ಸಿಮೆಂಟು ಗಟ್ಟಿಯಾಗುವ ಲೆಕ್ಕ. ಅದನ್ನು ನಾಲ್ಕು ಆಳು ಹೆಚ್ಚು ಹಾಕಿ ಓಡಿಸಲು ಬರುವುದಿಲ್ಲ.

ಲೆಕ್ಕ ಹೀಗಿದೆ. ಒಡೆದು ಮಣ್ಣು ಸಾಗಿಸಲು ಒಂದು ದಿನ. ಗೋಡೆ ಕೊರೆದು ಪೈಪು ಎಳೆದು, ನೀರು ತುಂಬಿ ಸೋರುತ್ತದೆಯೇ ನೋಡಲು ಎರಡು ದಿನ. ನೆಲಕ್ಕೆ ಇಳಿಜಾರಿನ ಕಾಂಕ್ರೀಟು ಹಾಕಲು ಒಂದು ದಿನ, ಅದಕ್ಕೆ ನೀರುಣಿಸಲು ಕನಿಷ್ಠ ಮೂರು ದಿನ. ಆಮೇಲೆ ನೀರು ತಡೆಯುವ ಲೇಪ: ಮೊದಲನೇ ಕೈ ಉದ್ದಕ್ಕೆ, ಅದು ಒಣಗಿದ ಮರುದಿನ ಎರಡನೇ ಕೈ ಅಡ್ಡಕ್ಕೆ. ಲೇಪ ನೆಲಕ್ಕಷ್ಟೇ ನಿಲ್ಲಬಾರದು, ಗೋಡೆಯ ಮೇಲೂ ಒಂದು ಅಡಿ ಏರಬೇಕು. ಸೋರಿಕೆ ಶುರುವಾಗುವುದು ನೆಲದ ನಡುವಿನಿಂದಲ್ಲ, ನೆಲ ಗೋಡೆ ಕೂಡುವ ಮೂಲೆಯಿಂದ ಮತ್ತು ಪೈಪಿನ ಸುತ್ತಲಿನಿಂದ. ಲೇಪ ಒಣಗಿದ ಮೇಲೆ ಹೊರಹೋಗುವ ತೂತಿಗೆ ಬಟ್ಟೆ ಬಿಗಿದು, ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ 48 ಗಂಟೆ ಬಿಡಿ. ಬೇಸಿಗೆಯಲ್ಲಿ ನೀರು ಸ್ವಲ್ಪ ಆರುತ್ತದೆ, ಅದಕ್ಕೆ ಗಾಬರಿ ಬೇಡ. ಪಕ್ಕದ ಕೋಣೆಯ ಗೋಡೆ ಬುಡದಲ್ಲಿ ತೇವ ಕಂಡರೆ ಮಾತ್ರ ಲೇಪ ಮತ್ತೊಮ್ಮೆ. ಈ ಪರೀಕ್ಷೆಯನ್ನೇ ಎಲ್ಲರೂ ಬಿಟ್ಟುಬಿಡುವುದು. ಟೈಲ್ಸ್ ಕೂರಿಸಿದ ಮೇಲೆ ಸೋರಿದರೆ ಎಲ್ಲವನ್ನೂ ಕಿತ್ತೇ ನೋಡಬೇಕು. ನಂತರ ಟೈಲ್ಸ್‌ಗೆ ಎರಡು ದಿನ, ಸಂದು ತುಂಬಲು ಒಂದು ದಿನ, ಕಮೋಡ್, ನಲ್ಲಿಗಳಿಗೆ ಇನ್ನೊಂದು. ಮೇಸ್ತ್ರಿ ನಡುವೆ ಒಂದು ಮದುವೆ, ಒಂದು ಜಾತ್ರೆಗೆ ಹೋಗಿಯೇ ಹೋಗುತ್ತಾನೆ. ಒಟ್ಟು ಮೂರು ವಾರ ಹಿಡಿಯಿರಿ. ಮಾರ್ಚ್ ಹದಿನೈದರ ಹೊತ್ತಿಗೆ ಒಡೆದರೆ ಮಕ್ಕಳು ಬರುವಾಗ ಬಚ್ಚಲು ಸಿದ್ಧ.

ಅದಕ್ಕೂ ಮೊದಲು ಹೆಂಚಿನ ಕೆಲಸ. ಮಾಡಿನ ಕೆಲಸದಲ್ಲಿ ಮೂವತ್ತು ವರ್ಷದ ಮಸಿ, ಇಲಿ ಹಿಕ್ಕೆ, ಹೆಂಚಿನ ಚೂರು ಎಲ್ಲ ಕೆಳಗೆ ಬೀಳುತ್ತದೆ. ಹೊಸ ಕಮೋಡಿನ ಮೇಲೆ ಅದು ಬೀಳುವುದು ಬೇಡ. ಮಾಡು, ಆಮೇಲೆ ವೈರಿಂಗು, ಆಮೇಲೆ ಬಚ್ಚಲು, ಕಡೆಗೆ ಸುಣ್ಣ. ಕ್ರಮ ಮೇಲಿನಿಂದ ಕೆಳಕ್ಕೆ.

ಬಚ್ಚಲಿನ ಒಳಗೆ ನಿಮ್ಮ ವಯಸ್ಸಿಗೆ ಬೇಕಾದ್ದನ್ನು ಈಗಲೇ ಮೇಸ್ತ್ರಿಗೆ ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ.

ಕಮೋಡಿನ ಎತ್ತರ: ಸಾಮಾನ್ಯ ಕಮೋಡ್ 15–16 ಇಂಚು. ಮಂಡಿ ನೋವಿದ್ದವರಿಗೆ 17–18 ಇಂಚಿನದು ಏಳಲು ಸುಲಭ. ಆದರೆ ಕುಳ್ಳಗಿರುವವರ ಪಾದ ಅದರಲ್ಲಿ ನೆಲಕ್ಕೆ ಊರುವುದಿಲ್ಲ, ತೊಡೆ ಜೋಮು ಹಿಡಿಯುತ್ತದೆ. ನೆಲದಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗೆ ಇಬ್ಬರದೂ ಅಳತೆ ತೆಗೆದು, ಕಡಿಮೆ ಇರುವವರ ಅಳತೆಗೆ ಹತ್ತಿರದ್ದನ್ನು ಕೊಳ್ಳಿ. ಗೋಡೆಗೆ ತೂಗುಹಾಕುವ ಮಾದರಿ ಜಂಬಿಟ್ಟಿಗೆ ಗೋಡೆಗೆ ಬೇಡವೇ ಬೇಡ. ನೆಲಕ್ಕೆ ಇಳಿಯುವ ‘ಎಸ್ ಟ್ರ್ಯಾಪ್’ ಮಾದರಿಯಾದರೆ ಗೋಡೆಯಿಂದ ತೂತಿನ ನಡುವಿನವರೆಗಿನ ಅಂತರ ಎಷ್ಟೆಂದು ಅಂಗಡಿಯಲ್ಲಿ ಮೊದಲೇ ಕೇಳಿ. 9 ಇಂಚಿನದೂ ಇದೆ, 12 ಇಂಚಿನದೂ ಇದೆ. ಪೈಪು ಹಾಕಿಯಾದ ಮೇಲೆ ಕಮೋಡ್ ಕೊಳ್ಳಲು ಹೋಗುವುದೇ ತಪ್ಪಿನ ಮೂಲ.

ಹಿಡಿಕಂಬಿ: ಇಲ್ಲಿ ಆಗುವ ಅನಾಹುತವೇ ಬೇರೆ. ಜಂಬಿಟ್ಟಿಗೆಗೆ ಪ್ಲಾಸ್ಟಿಕ್ ಬೆಣೆ ಹೊಡೆದು ಸ್ಕ್ರೂ ಹಾಕಿದರೆ ಟವೆಲ್ ತೂಗುಹಾಕಲು ಸಾಕು, ಮನುಷ್ಯನ ಭಾರಕ್ಕೆ ಸಾಲದು. ಜಾರಿದ ಗಳಿಗೆಯಲ್ಲಿ ಹಿಡಿದರೆ ಕಂಬಿ ಕೈಗೇ ಬರುತ್ತದೆ. ಗೋಡೆಯನ್ನು ಈ ಬದಿಯಿಂದ ಆ ಬದಿಗೆ ಪೂರ್ತಿ ಕೊರೆದು, ಉದ್ದನೆಯ ಬೋಲ್ಟ್ ಹಾಕಿ, ಹೊರಗಡೆ ಆರಿಂಚು ಚೌಕದ ಕಬ್ಬಿಣದ ತಟ್ಟೆ ಇಟ್ಟು ನಟ್ಟು ಬಿಗಿಸಿ. ಹೊರಗಿನ ತಟ್ಟೆಗೆ ತುಕ್ಕು ಹಿಡಿಯದ ಬಣ್ಣ ಎರಡು ಕೈ. ಕಂಬಿ ಒಂದೂಕಾಲು–ಒಂದೂವರೆ ಇಂಚು ದಪ್ಪ, ನೆಲದಿಂದ 33–36 ಇಂಚು ಎತ್ತರ, ಒಂದು ಕಮೋಡಿನ ಪಕ್ಕ, ಇನ್ನೊಂದು ಸ್ನಾನದ ಜಾಗದಲ್ಲಿ. ಟೈಲ್ಸ್ ಕೂರಿಸುವ ಮುಂಚೆಯೇ ಈ ತೂತುಗಳು ಆಗಬೇಕು.

ನೆಲದ ಇಳಿಜಾರು ಐದು ಅಡಿಗೆ ಒಂದು ಇಂಚು. ಕಡಿಮೆಯಾದರೆ ನೀರು ನಿಂತು ಪಾಚಿ ಕಟ್ಟುತ್ತದೆ, ಹೆಚ್ಚಾದರೆ ಮುದುಕರ ಕಾಲು ಹಿಡಿತ ತಪ್ಪುತ್ತದೆ. ನೀರು ಹೋಗುವ ಜಾಲರಿ ಬಾಗಿಲಿನಿಂದ ದೂರದ ಮೂಲೆಯಲ್ಲಿರಲಿ, ಆಗ ಎಡವುವ ಹೊಸ್ತಿಲಿನ ಅಗತ್ಯವೇ ಬೀಳುವುದಿಲ್ಲ. ಟೈಲ್ಸ್ ಒರಟಾದ, ಸಣ್ಣ ಗಾತ್ರದ್ದು. ಸಂದು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಒಳಮುಖದ ಬಾಗಿಲನ್ನು ತೆಗೆಯುವ ಉಪಾಯ ಇಲ್ಲ. ಚಿಲಕ ಹೊರಗಿನಿಂದಲೂ ತೆರೆಯುವಂಥದ್ದಿರಲಿ.

ಮಲೆನಾಡಿನದೇ ಒಂದು ತೊಡಕು ಗುಂಡಿಯದು. ಬೇಸಿಗೆಯಲ್ಲಿ ಚೆನ್ನಾಗಿರುವ ಇಂಗುಗುಂಡಿ ಆರಿದ್ರಾ ಮಳೆಗೆ ಹೊರಗಿನ ಒರತೆ ನೀರಿನಿಂದಲೇ ತುಂಬಿ, ಕಮೋಡಿನ ನೀರು ಕೆಳಗಿಳಿಯದೆ ಗುಳುಗುಳು ಎನ್ನುತ್ತದೆ. ಗುಂಡಿಯ ಬಾಯಿ ಸುತ್ತಲಿನ ನೆಲಕ್ಕಿಂತ ಒಂದು ಅಡಿ ಎತ್ತರವಿರಲಿ, ಅಂಗಳದ ನೀರು ಅದರತ್ತ ಹರಿಯದಂತೆ ಚರಂಡಿ ತಿರುಗಿಸಿ, ಗಾಳಿ ಕೊಳವೆ ಮಾಡಿನ ಮೇಲಕ್ಕೆ ಹೋಗಲಿ. ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು ಬೇಕು. ಬಾವಿಯಿಂದ ಗುಂಡಿ 50 ಅಡಿ ದೂರ, ಮತ್ತು ಬಾವಿಗಿಂತ ಕೆಳಗಿನ ಮಗ್ಗುಲಲ್ಲಿ. ಗುಡ್ಡದ ಓರೆಯಲ್ಲಿ ಅಡಿಗಳ ಲೆಕ್ಕಕ್ಕಿಂತ ಇದು ಮುಖ್ಯ.

ಇನ್ನು ಮಕ್ಕಳಿರುವ ವಾರಕ್ಕೆ ಏನು ಉಳಿಯಿತು? ಕೆಲಸದವರ ಕಾವಲಿಗೆ ಮಗನನ್ನು ನಿಲ್ಲಿಸುವುದಕ್ಕಿಂತ ಒಳ್ಳೆಯ ಉಪಯೋಗಗಳಿವೆ. ಅಟ್ಟದ ಸಾಮಾನು ಇಳಿಸುವುದು ಮೊದಲನೆಯದು. ನಿಮ್ಮಿಬ್ಬರಿಂದ ಆಗದ ಕೆಲಸ ಅದು. ಕೊಪ್ಪರಿಗೆ, ಕಡಾಯಿ, ಹಳೆಯ ಪೆಟ್ಟಿಗೆಗಳಲ್ಲಿ ಯಾವುದು ಯಾರಿಗೆ, ಯಾವುದು ಗುಜರಿಗೆ ಎಂದು ಎಲ್ಲರೂ ಎದುರಿಗಿದ್ದಾಗಲೇ ತೀರ್ಮಾನಿಸಿಬಿಡಿ. ಫೋನಿನಲ್ಲಿ ಈ ಮಾತು ಬಗೆಹರಿಯುವುದಿಲ್ಲ. ಪಹಣಿ, ಪಿಂಚಣಿ ಪುಸ್ತಕ, ಬ್ಯಾಂಕಿನ ನಾಮನಿರ್ದೇಶನ ಎಲ್ಲಿವೆ ಎಂದು ತೋರಿಸಿಡಿ. ಮೀಟರ್ ಬೋರ್ಡಿನ ಯಾವ ಸ್ವಿಚ್ಚು ಯಾವ ಕೋಣೆಯದೆಂದು ಮೊಮ್ಮಕ್ಕಳ ಕೈಯಲ್ಲಿ ಚೀಟಿ ಬರೆಸಿ ಅಂಟಿಸಿ. ಜಗಲಿ ಮೆಟ್ಟಿಲಿನ ಪಕ್ಕ ಕಟಾಂಜನ ಎಲ್ಲಿರಬೇಕು, ರಾತ್ರಿದೀಪ ಎಲ್ಲಿರಬೇಕು ಎಂಬುದನ್ನು ನೀವಿಬ್ಬರೂ ನಡೆದು ತೋರಿಸಿ, ಅವರು ಗುರುತು ಹಾಕಿಕೊಳ್ಳಲಿ. ಕೂರಿಸುವುದು ಆಮೇಲೆ. ಗುರುವಾರದೊಳಗೆ ಇದೆಲ್ಲ ಮುಗಿದರೆ ಶುಕ್ರವಾರ, ಶನಿವಾರ ಪೂಜೆಯ ತಯಾರಿಗೆ. ಪೂಜೆಯಂದು ನಲವತ್ತು ಜನ ಬರುವುದಾದರೆ ಹಳೆಯ ಹೊರಗಿನ ಶೌಚಾಲಯವನ್ನೂ ತೆರೆದಿಡಿ, ಹೊಸ ಗುಂಡಿಯ ಮೇಲೆ ಮೊದಲ ವಾರವೇ ಅಷ್ಟು ಭಾರ ಬೇಡ.

ಪ್ರಶ್ನೆ: ಹೊಸನಗರ ತಾಲ್ಲೂಕು. ಪ್ರತಿವರ್ಷ ಒಡೆದ ಹೆಂಚು ಬದಲಾಯಿಸುತ್ತೇವೆ. ಆದರೂ ಅದೇ ಎರಡು ಕಡೆ ಸೋರುತ್ತದೆ. ಏಕೆ?

ಉತ್ತರ: ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೋರಿದರೆ ದೋಷ ಹೆಂಚಿನದಲ್ಲ, ಅದರ ಕೆಳಗಿನದು. ಒಳಗೆ ನಿಂತು ರೀಪುಗಳ (ಹೆಂಚು ಕೂರುವ ಅಡ್ಡಪಟ್ಟಿಗಳ) ಸಾಲಿಗೆ ದಾರ ಹಿಡಿದು ನೋಡಿ. ರೀಪು ಹೊರುವ ಓರೆ ಮರ, ಅಂದರೆ ಪಕಾಸು, ಒಂದು ಬಾಗಿದರೂ ಅದರ ಮೇಲಿನ ರೀಪು ತಗ್ಗಿ, ಹೆಂಚಿನ ಮೂತಿ ಎದ್ದು, ಗಾಳಿಮಳೆಗೆ ನೀರು ಹಿಂದಕ್ಕೆ ನುಗ್ಗುತ್ತದೆ. ರೀಪಿನಿಂದ ರೀಪಿಗೆ ಹನ್ನೆರಡೂವರೆ ಇಂಚಿನ ಆಸುಪಾಸು ಅಂತರವಿರಬೇಕು. ನಿಮ್ಮ ಹೆಂಚನ್ನೇ ಇಟ್ಟು ಅಳೆಯುವುದು ಇನ್ನೂ ಒಳ್ಳೆಯದು.

ಎರಡನೇ ಕಾರಣ, ಬೇರೆ ಬೇರೆ ಕಾರ್ಖಾನೆಯ ಹೆಂಚುಗಳ ಬೆರಕೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹತ್ತಾರು ಕಾರ್ಖಾನೆಗಳು ಬಂದವು, ಅಚ್ಚು ಒಬ್ಬರದ್ದರ ಹಾಗೆ ಇನ್ನೊಬ್ಬರದ್ದಿಲ್ಲ. ನೋಡಲು ಒಂದೇ ಥರ, ಆದರೆ ಪಕ್ಕದ ತೋಡು ಒಂದಕ್ಕೊಂದು ಕೂರುವುದಿಲ್ಲ. ಹೆಂಚಿನ ಹಿಂಬದಿಯ ಮುದ್ರೆ ನೋಡಿ ವಿಂಗಡಿಸಿ. ವಾಸದ ಮನೆಯ ಒಂದು ಇಳಿಜಾರಿಗೆ ಒಂದೇ ಮುದ್ರೆಯವು, ಉಳಿದ ಚಿಲ್ಲರೆ ಕೊಟ್ಟಿಗೆಗೆ, ಸೌದೆ ಮನೆಗೆ. ನೂರು ಚದರ ಅಡಿ ಮಾಡಿಗೆ ಸುಮಾರು 150 ಹೆಂಚು ಬೇಕು. ಹಳೆಯ ಮನೆ ಕೆಡವುವ ಕಡೆ ಅದೇ ಮುದ್ರೆಯದು ಸಿಕ್ಕಿದರೆ ಐವತ್ತು ಹೆಚ್ಚಿಗೆ ತಂದಿಟ್ಟುಕೊಳ್ಳಿ. ತರುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಕಣಕಣ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಸೀಳಿದೆ.

ತೋಡುಗಳಲ್ಲಿ ಕಟ್ಟಿದ ಪಾಚಿಯನ್ನು ಒಣಗಿರುವಾಗಲೇ ತೆಂಗಿನ ನಾರಿನ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕು. ಪಾಚಿ ನೀರನ್ನು ಅಡ್ಡಗಟ್ಟಿ ಒಳಕ್ಕೆ ತಿರುಗಿಸುತ್ತದೆ. ಎರಡು ಮಾಡು ಕೂಡುವ ಮೂಲೆಯ ತಗಡು ಕೊರೆದಿದೆಯೇ, ತರಗೆಲೆ ತುಂಬಿದೆಯೇ ನೋಡಿ. ಅಲ್ಲಿ ಸಿಮೆಂಟು ಮೆತ್ತುವುದು ಒಂದು ಮಳೆಗಾಲದ ಮಾತು, ತಗಡನ್ನೇ ಬದಲಿಸಿ. ಮಂಗಗಳ ಕಾಟವಿದ್ದರೆ ಸೂರಂಚಿನ ಎರಡು ಸಾಲು ಮತ್ತು ನೆತ್ತಿಯ ಒಂದು ಸಾಲನ್ನು, ಹೆಂಚಿನ ಹಿಂದಿನ ತೂತಿಗೆ ತಂತಿ ಹಾಕಿ ರೀಪಿಗೆ ಕಟ್ಟಿಸಿ. ಎಲ್ಲವನ್ನೂ ಕಟ್ಟಿದರೆ ಮುಂದಿನ ಸಲ ಒಂದು ಹೆಂಚು ಬದಲಿಸಲು ಹತ್ತನ್ನು ಬಿಚ್ಚಬೇಕಾಗುತ್ತದೆ. ಅರವತ್ತು ದಾಟಿದವರು ಮಾಡು ಹತ್ತಬೇಡಿ, ಒಳಗಿನಿಂದ ಕೋಲಿನಲ್ಲಿ ಜಾಗ ತೋರಿಸಿದರೆ ಸಾಕು.

ಪ್ರಶ್ನೆ: ಶಿವಮೊಗ್ಗ ನಗರ. ದೇವರ ಕೋಣೆಯ ನೆಲ, ಗೋಡೆ ಮಾಡಿಸಬೇಕು. ಹತ್ತು ದಿನದ ಕೆಲಸ. ನಿತ್ಯಪೂಜೆ ಬಿಡುವ ಹಾಗಿಲ್ಲ. ದೇವರನ್ನು ಎಲ್ಲಿಡಬೇಕು? ಗೋಡೆಯ ದೀಪದ ಮಸಿ ಎಷ್ಟು ಬಣ್ಣ ಬಳಿದರೂ ಮತ್ತೆ ಏಳುತ್ತದೆ.

ಉತ್ತರ: ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕಲಾಕರ್ಷಣೆ (ಮೂರ್ತಿಯ ಶಕ್ತಿಯನ್ನು ಕಲಶಕ್ಕೆ ಬರಮಾಡಿಕೊಳ್ಳುವುದು), ಬಾಲಾಲಯ (ತಾತ್ಕಾಲಿಕ ಗುಡಿ) ಎಂಬ ವಿಧಿಗಳಿವೆ. ಮನೆಯ ದೇವರಿಗೆ ಅಷ್ಟರ ಅಗತ್ಯವಿಲ್ಲ, ಮನೆಯ ದೇವರು ಪೀಠ ಸಮೇತ ಎತ್ತಿಡುವಂಥದ್ದು. ಬೆಳಗಿನ ಪೂಜೆ ಮುಗಿಸಿ, ಸ್ಥಳ ಬದಲಿಸುವೆನೆಂದು ಪ್ರಾರ್ಥಿಸಿ, ಶುಚಿಯಾದ ಹರಿವಾಣದಲ್ಲಿಟ್ಟು ಒಯ್ದು, ಧೂಳು ಬಾರದ ಕೋಣೆಯಲ್ಲಿ ಮಣೆಯ ಮೇಲೆ ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡಿ ಇಡಿ. ಸಾಲಿಗ್ರಾಮವಿದ್ದರೆ ನಿತ್ಯದ ಅಭಿಷೇಕ, ನೈವೇದ್ಯ ಅಲ್ಲೇ ನಡೆಯಲಿ. ಪಟಗಳನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟರೂ ಆಗುತ್ತದೆ. ಕೆಲಸ ಮುಗಿದ ಮೇಲೆ ಪುಣ್ಯಾಹ ಮಾಡಿಸಿ ಒಳತರುವುದು ವಾಡಿಕೆ. ಮನೆತನದ ಪದ್ಧತಿ ಒಂದೊಂದು ಒಂದೊಂದು ಥರ, ನಿಮ್ಮ ಪುರೋಹಿತರನ್ನು ಕೆಲಸ ಶುರುಮಾಡುವ ಮುಂಚೆಯೇ ಕೇಳಿ. ಹೊಸ ಗೂಡು ಕಟ್ಟಿದ ಮೇಲೆ ಕೇಳಿದರೆ ಒಡೆಯುವ ಖರ್ಚೂ ಸೇರುತ್ತದೆ. ಮನೆಯಲ್ಲಿ ಇಷ್ಟಲಿಂಗ ಪೂಜೆಯವರಾದರೆ ಜಗುಲಿಯ ಸಾಮಾನಷ್ಟೇ ಸಾಗಿಸುವ ಮಾತು. ಹಳ್ಳಿಯವರಿಗೆ ಒಂದು ಕಿವಿಮಾತು: ಒಡೆದ ಮಣ್ಣು, ಹೆಂಚಿನ ಚೂರನ್ನು ಆಳುಗಳು ಖಾಲಿ ಜಾಗ ಕಂಡಲ್ಲಿ ಸುರಿಯುತ್ತಾರೆ. ಚೌಡಿ ಬನ, ನಾಗರ ಕಲ್ಲಿನ ಜಾಗವನ್ನು ಮೊದಲೇ ತೋರಿಸಿ.

ಮಸಿಯ ವಿಷಯ. ದೀಪದ ಮಸಿಯಲ್ಲಿ ಎಣ್ಣೆಯ ಅಂಶ ಇರುತ್ತದೆ, ನೀರಿನ ಬಣ್ಣ ಅದರ ಮೇಲೆ ಹಿಡಿಯುವುದಿಲ್ಲ. ಮೊದಲು ಒಣಬಟ್ಟೆಯಲ್ಲಿ ಒರೆಸಿ. ಒದ್ದೆ ಮಾಡಿದರೆ ಮಸಿ ಗೋಡೆಯೊಳಕ್ಕೆ ಇಳಿಯುತ್ತದೆ. ಆಮೇಲೆ ಬಿಸಿನೀರಿಗೆ ಸೋಪಿನ ಪುಡಿ ಹಾಕಿ ತೊಳೆದು, ಎರಡು ದಿನ ಒಣಗಿಸಿ, ಎಣ್ಣೆ ಮೂಲದ ಪ್ರೈಮರ್ ಒಂದು ಕೈ, ಅದರ ಮೇಲೆ ಬಣ್ಣ. ಇದು ಸಿಮೆಂಟು ಗಾರೆಯ ಗೋಡೆಗೆ ಮಾತ್ರ. ಮಣ್ಣಿನ ಅಥವಾ ಜಂಬಿಟ್ಟಿಗೆ ಗೋಡೆಗೆ ಎಣ್ಣೆ ಬಣ್ಣ ಬಳಿದರೆ ಒಳಗಿನ ತೇವ ಹೊರಬರಲಾರದೆ ಮಳೆಗಾಲದಲ್ಲಿ ಹಪ್ಪಳದಂತೆ ಎದ್ದುಬರುತ್ತದೆ. ಅಲ್ಲಿ ಮಸಿ ಹಿಡಿದ ಗಾರೆಯನ್ನು ಕೆರೆದು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಮೆತ್ತಿ, ಸುಣ್ಣವನ್ನೇ ಮೂರು ತೆಳು ಕೈ ಬಳಿಯಿರಿ. ಒಂದೇ ದಪ್ಪ ಕೈ ಬಳಿದರೆ ಪುಡಿ ಉದುರುತ್ತದೆ. ನಂದಾದೀಪದ ಹಿಂದೆ ಒಂದು ಅಡಿ ಅಗಲದ ಗ್ರಾನೈಟ್ ಹಲಗೆ ನಿಲ್ಲಿಸಿದರೆ ಮುಂದಿನ ಮಸಿ ಒರೆಸಿದರೆ ಹೋಗುತ್ತದೆ. ದೀಪದ ಮೇಲೆ ಎರಡು ಅಡಿಯೊಳಗೆ ಮರದ ಗೂಡು, ಪರದೆ, ವೈರು ಯಾವುದೂ ಬೇಡ.

ಪ್ರಶ್ನೆ: ಸಾಗರದ ಹತ್ತಿರ ಹಳ್ಳಿ. ಹೆಬ್ಬಾಗಿಲ ಚೌಕಟ್ಟಿನ ಬುಡಕ್ಕೆ ಗೆದ್ದಲು. ಬಾವಿ ಹದಿನೈದು ಅಡಿ ದೂರದಲ್ಲಿದೆ. ಔಷಧ ಹಾಕಿಸಬಹುದೇ?

ಉತ್ತರ: ನೆಲ ಕೊರೆದು ಔಷಧ ಸುರಿಯುವ ಕ್ರಮ ಹೀಗೆ: ಗೋಡೆ ನೆಲ ಕೂಡುವಲ್ಲಿ ಒಂದು ಅಡಿಗೊಂದರಂತೆ 12 ಮಿಲಿಮೀಟರ್ ತೂತು, ಪ್ರತಿ ತೂತಿಗೆ ಒಂದು ಲೀಟರ್ ದ್ರಾವಣ. ಬಾವಿ ಅಷ್ಟು ಹತ್ತಿರವಿರುವಾಗ ಅದನ್ನು ಮಾಡಿಸಬೇಡಿ, ಕುಡಿಯುವ ನೀರಿಗೆ ಇಳಿದರೆ ತೆಗೆಯುವ ದಾರಿಯಿಲ್ಲ. ಗೆದ್ದಲಿಗೆ ಬೇಕಾದ್ದು ತೇವ ಮತ್ತು ಮಣ್ಣಿಗೆ ತಾಗಿದ ಮರ. ಎರಡನ್ನೂ ತಪ್ಪಿಸಿ. ಚೌಕಟ್ಟಿನ ಕೊಳೆತ ಬುಡವನ್ನು ಆರಿಂಚು ಕತ್ತರಿಸಿ ಅಷ್ಟಕ್ಕೆ ಕಲ್ಲು ಕೂರಿಸಿ. ಉಳಿದ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಕೈ. ಕೈಗವಸು ಹಾಕಿಯೇ ಬಳಿಯಿರಿ, ಅದು ಚರ್ಮ ಸುಡುತ್ತದೆ. ಗೋಡೆಗೆ ಒರಗಿಸಿದ ಸೌದೆ, ಅಡಿಕೆ ದಬ್ಬೆ ದೂರ ಹೋಗಲಿ. ಇನ್ನೊಂದು ಕಾರಣ ಯಾರೂ ನೆನೆಯುವುದಿಲ್ಲ: ದಿನಾ ಬೆಳಗ್ಗೆ ಹೊಸ್ತಿಲು ತೊಳೆಯುವ ನೀರು. ಮರದ ಹೊಸ್ತಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅರಿಸಿನ ಕುಂಕುಮ ಇಟ್ಟರೂ ಪೂಜೆ ಪೂಜೆಯೇ. ತಂಬಿಗೆಯಲ್ಲಿ ಸುರಿದ ನೀರು ಚೌಕಟ್ಟಿನ ಸಂದಿಗೇ ಇಳಿಯುತ್ತದೆ.

ಪ್ರಶ್ನೆ: ಗೀಸರ್ ಹಾಕಿದ ಮೇಲೆ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆ. ಹಂಡೆ ತೆಗೆದುಬಿಡಬೇಕೆಂದಿದ್ದೆವು. (ಕೊಪ್ಪ ತಾಲ್ಲೂಕು)

ಉತ್ತರ: ಗೀಸರನ್ನು ಇವತ್ತೇ ನಿಲ್ಲಿಸಿ. ಒಳಗಿನ ಕಾಯಿಲಿನಿಂದ ಕರೆಂಟು ಸೋರುತ್ತಿದೆ ಮತ್ತು ಮನೆಗೆ ಸರಿಯಾದ ಅರ್ಥಿಂಗ್ ಇಲ್ಲ, ಎರಡೂ ಸೇರಿದಾಗಲೇ ಹೀಗಾಗುವುದು. ಹೊಸ ಗೀಸರ್ ತಂದರೆ ಅರ್ಧ ರೋಗ ಹಾಗೇ ಉಳಿಯುತ್ತದೆ. ಎಂಟು ಅಡಿಯ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರಪದರವಾಗಿ ತುಂಬಿ ಅರ್ಥ್ ಗುಂಡಿ ಮಾಡಿಸಿ. ಕೆಂಪು ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಒಯ್ಯುವುದಿಲ್ಲ, ಹಾಗಾಗಿ ನೆರಳಿನ ತಂಪು ಜಾಗ ಆರಿಸಿ, ಬಿರುಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿ. ಗುಂಡಿಯ ಅರ್ಥಿಂಗನ್ನು ಸಾಮಾನ್ಯ ಮಲ್ಟಿಮೀಟರಿನಿಂದಲ್ಲ, ಅರ್ಥಿಂಗ್ ಪರೀಕ್ಷಿಸುವ ಉಪಕರಣದಿಂದ ಅಳೆಯಿಸಿ: 5 ಓಮ್‌ಗಿಂತ ಕೆಳಗಿರಲಿ. ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚೂ ಬೇಕು: ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಅರ್ಥಿಂಗ್ ಸರಿಯಿದ್ದರೆ ಅದು ನೀವು ಮುಟ್ಟುವ ಮುಂಚೆಯೇ ಬೀಳುತ್ತದೆ, ಇಲ್ಲದಿದ್ದರೆ ಮುಟ್ಟಿದ ಮೇಲೆ. ಗೀಸರಿಗೆ ಬೋರ್ಡಿನಿಂದ ಬೇರೆಯೇ 4 ಚದರ ಮಿಲಿಮೀಟರ್ ವೈರು.

ಹಂಡೆ ತೆಗೆಯಬೇಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಎರಡು ಮೂರು ದಿನ ಬಾರದಿರುವುದು ನಿಮ್ಮ ಕಡೆ ಹೊಸತಲ್ಲ. ಸೋಲಾರ್ ಕೂಡ ಆಷಾಢ ಶ್ರಾವಣದಲ್ಲಿ ಕೈಕೊಡುತ್ತದೆ.

ಪ್ರಶ್ನೆ: ಹಳೆಯ ಕೆಂಪು ರೆಡಾಕ್ಸೈಡ್ ನೆಲ ಚೆನ್ನಾಗಿದೆ, ಆದರೆ ಜಾರುತ್ತದೆ. ಮಕ್ಕಳು ಟೈಲ್ಸ್ ಹಾಕಿಸಿ ಎನ್ನುತ್ತಾರೆ. (ಶಿಕಾರಿಪುರ)

ಉತ್ತರ: ಜಾರುವುದು ನೆಲವಲ್ಲ, ಅದರ ಮೇಲೆ ವರ್ಷಗಳಿಂದ ಕೂತ ಮೇಣ ಮತ್ತು ಕೊಬ್ಬರಿ ಎಣ್ಣೆಯ ಪದರ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ಷಿನಿಂದ ಎರಡು ಸಲ ಉಜ್ಜಿ, ಒಣಗಿಸಿ, ಆರು ತಿಂಗಳು ಏನನ್ನೂ ಹಚ್ಚಬೇಡಿ. ಹೊಳಪು ಕಡಿಮೆಯಾಗುತ್ತದೆ, ಕಾಲು ನಿಲ್ಲುತ್ತದೆ. ಬಿರುಕಿಗೆ ತೇಪೆ ಹಾಕಿಸುವುದಾದರೆ ಬಣ್ಣ ಎಂದೂ ಹೊಂದುವುದಿಲ್ಲ ಎಂದು ಮೊದಲೇ ಮನಸ್ಸು ಮಾಡಿಕೊಳ್ಳಿ. ಮಂಚದ ಕೆಳಗೆ ಒಂದು ಅಂಗೈಯಗಲ ಹಾಕಿಸಿ, ಒಣಗಿದ ಬಣ್ಣ ನೋಡಿ, ಆಮೇಲೆ ನಡುಮನೆಗೆ ಬನ್ನಿ.